ಕೋಟಿನ ಮೇಲೆ ಎರಡಕ್ಷರ

ಹದಿನೈದು ಪಂದ್ಯ, ಏಳು ಅಂಕ.
ಎಂಟನೆಯ ಮ್ಯಾನೇಜರ್ ಭಾನುವಾರ ರಾತ್ರಿ ಹೋದ.
ಹೋಗುವಾಗ ಕೀಲಿಕೈ ಕೊಟ್ಟ, ಕೋಟು ಬಿಟ್ಟ,
ಜೇಬಿನಲ್ಲಿ ಹಲ್ಲುನೋವಿನ ಮಾತ್ರೆ ಎರಡು.

ಎದೆಯ ಎಡಕ್ಕೆ ಹಳದಿ ದಾರದಲ್ಲಿ
ಅವನ ಹೆಸರಿನ ಎರಡಕ್ಷರ.
ಹೊಲಿದವಳು ನಾನು, ಬಿಚ್ಚುವವಳೂ ನಾನೇ.
ಇಪ್ಪತ್ತೆರಡು ವರ್ಷದಿಂದ ಈ ಕ್ಲಬ್ಬಿನ ಅಂಗಿ ಒಗೆಯುತ್ತೇನೆ;
ಸೋತ ಕೆಸರಿಗೂ ಗೆದ್ದ ಕೆಸರಿಗೂ
ಸೋಪು ಒಂದೇ ಅಳತೆ.

ಸೋಮವಾರ ಸಂಜೆ ಆರಕ್ಕೆ ಕಮಿಟಿ.
ಬಾಯ್ಲರಿನ ಪಕ್ಕದ ಕೋಣೆಯಲ್ಲಿ ಅವರು,
ಈಚೆ ನಾನು, ತೊಡೆಯ ಮೇಲೆ ಕೋಟು, ಕೈಯಲ್ಲಿ ಕತ್ತರಿ.
ಗೋಡೆ ತೆಳು, ಮಾತು ದಪ್ಪ.

ಅಧ್ಯಕ್ಷ ಎವಾಲ್ಡ್ ಮೂವತ್ತು ವರ್ಷ ಗಣಿಯೊಳಗಿದ್ದವನು,
ಕೆಮ್ಮಿದರೆ ಇನ್ನೂ ಕಲ್ಲಿದ್ದಲ ಬಂಡಿ ಹೊರಳಿದ ಸದ್ದು.
"ಮುಚ್ಚಿದ ಗಣಿಗೂ ಒಬ್ಬ ಕಾವಲುಗಾರನಿದ್ದಾನೆ" ಅಂದ.
ಯಾರೂ ನಗಲಿಲ್ಲ.

ಮೊದಲು ಬಂದವನು ಪೋರ್ಚುಗಲ್‌ನವನು,
ಜೊತೆಗೊಬ್ಬಳು ದುಭಾಷಿ, ಪರದೆಯ ತುಂಬ ಬಾಣಗಳು.
ನಮ್ಮ ಹುಡುಗರು ಆ ಬಾಣದ ಹಿಂದೆ ಓಡುವುದ ನೆನೆದು
ಬಾಯಿಗೆ ಸೆರಗಿಲ್ಲದೆ ತೋಳು ಒತ್ತಿಕೊಂಡೆ.
ಬ್ಯಾಂಕಿನ ಇರೆನೆಯುಶ್ ಒಂದೇ ಮಾತು ಕೇಳಿದ: "ಸಂಬಳ?"
ಉತ್ತರಕ್ಕೆ ಒಳಗೆ ಯಾರದೋ ಚಮಚ ಬಿತ್ತು.

ಎರಡನೆಯವನು ನಮ್ಮ ಅಲೋಯ್ಜ್.
ತೊಂಬತ್ತಾರರ ಮೇ, ಕೊನೆಯ ನಿಮಿಷ, ಪೆನಾಲ್ಟಿ:
ಚೆಂಡನ್ನು ಆಚೆಬದಿಯ ಟ್ರಾಮಿನ ಹಳಿಗೆ ಕಳಿಸಿದವನು.
ಊರು ಕ್ಷಮಿಸಿದೆ, ಮರೆತಿಲ್ಲ.
"ಈ ಕ್ಲಬ್ಬು ನನ್ನ ರಕ್ತದಲ್ಲಿದೆ" ಎನ್ನುತ್ತ ಅತ್ತ.
ಅಳುವವನಿಗೆ ಕೆಲಸ ಕೊಡಬೇಕೋ
ಕರವಸ್ತ್ರ ಕೊಡಬೇಕೋ ತಿಳಿಯದೆ
ಕಮಿಟಿ ಇನ್ನೊಂದು ಸುತ್ತು ಚಹಾ ತರಿಸಿತು.

ಮೂರನೆಯವನು ಹೇಳಿದ ಹೊತ್ತಿಗೆ ಬರಲಿಲ್ಲ.
ನೀರು ಚೆಲ್ಲಲು ಹಿಂಬಾಗಿಲು ತೆಗೆದೆ.
ನವೆಂಬರಿನ ಮಂಜು ಬಿಗಿದು ಕಲ್ಲಾದ ಮೈದಾನ,
ನಡುಗೆರೆಯ ಮೇಲೆ ಒಬ್ಬ ಆಸಾಮಿ
ಚೆಂಡಿಟ್ಟು ಸುಮ್ಮನೆ ನಿಂತಿದ್ದಾನೆ.
ಚೆಂಡು ಒಂದಿಷ್ಟು ಯೋಚಿಸಿತು.
ಆಮೇಲೆ ತಾನಾಗಿ ಹೊರಟಿತು ಎಡಮೂಲೆಗೆ,
ಕುಡಿದವನನ್ನು ಕಾಲೇ ಮನೆಗೆ ಒಯ್ದ ಹಾಗೆ.

ಕೆಳಗೆ ಹಳೆಯ ಸುರಂಗಗಳು ಕುಸಿಯುತ್ತಿವೆ.
ವರ್ಷಕ್ಕೆರಡು ಬೆರಳು ಇಳಿಯುತ್ತದೆ ಆ ಮೂಲೆ.
ಇದು ಊರಿಗೇ ಗೊತ್ತು; ಎಂಟು ಮಂದಿ ಬಂದರು, ಹೋದರು,
ಒಬ್ಬರೂ ಕೇಳಲಿಲ್ಲ.

"ಟಾಸ್ ಗೆದ್ದರೆ ನಿಮ್ಮವರು ಯಾವ ಕಡೆ ಆರಿಸುತ್ತಾರೆ?"
ಕೇಳಿದ್ದು ನನ್ನನ್ನು.
ಕಾಲುಚೀಲ ಒಣಗಿತೇ ಎಂಬುದರಾಚೆ
ನನ್ನನ್ನು ಯಾರೂ ಏನೂ ಕೇಳಿದವರಲ್ಲ.
"ಗಾಳಿ ನೋಡಿ" ಅಂದೆ.
"ನೆಲ ನೋಡಿ ಯಾಕಿಲ್ಲ?"
ಬಕೆಟ್ಟಿನ ಬಿಸಿನೀರು ಕೈಯಲ್ಲೇ ಆರಿತು.

ಒಳಗೆ ಹೋದವನು ಹತ್ತು ನಿಮಿಷವೂ ಕೂರಲಿಲ್ಲ.
ತಿಮೊತೆಯುಶ್ ವಿಲ್ಕ್, ಭೂಗೋಳದ ಮೇಷ್ಟ್ರು,
ಎರಡು ಹಳ್ಳಿ ತಂಡ ನೋಡಿಕೊಂಡ ಅನುಭವ.
ಇಳಿಜಾರಿನ ಸುದ್ದಿ ಅಲ್ಲಿ ಎತ್ತಿದನೋ ಇಲ್ಲವೋ,
ಬಾಯ್ಲರ್ ಗೊರಗುಟ್ಟುತ್ತಿತ್ತು, ಕೇಳಿಸಲಿಲ್ಲ.

ಮೂರು ಕೈ ಅಲೋಯ್ಜ್‌ಗೆ, ಮೂರು ಪೋರ್ಚುಗಲ್‌ಗೆ.
ಒಂಬತ್ತಾಯಿತು, ಹತ್ತಾಯಿತು.
ಕೊನೆಗೆ ಇರೆನೆಯುಶ್ ಕಾಗದ ಮಡಿಸುತ್ತ ಅಂದ:
"ಮೇಷ್ಟ್ರು ಅಗ್ಗ."
ಅಷ್ಟೇ. ಕುರ್ಚಿಗಳು ಸರಿದವು.

ಟಿ ಸುಲಭ, ಎರಡು ಗೆರೆ.
ಡಬ್ಲ್ಯೂ ಹೊಲಿಯುವುದು ತ್ರಾಸು, ನಾಲ್ಕೂ ಇಳಿಜಾರು,
ಎಂಟು ಹೆಸರು ಕಿತ್ತ ಬಟ್ಟೆ ಜರಡಿಯಾಗಿದೆ,
ಸೂಜಿ ಹಳೆಯ ತೂತುಗಳನ್ನೇ ಹುಡುಕಿಕೊಂಡು ಹೋಗುತ್ತದೆ.
ಎವಾಲ್ಡ್ ಬಾಗಿಲಲ್ಲಿ ಕೆಮ್ಮುತ್ತ ನಿಂತು ನೋಡಿದ,
ಏನೂ ಹೇಳದೆ ದೀಪದ ಬಿಲ್ಲಿನ ನೆನಪಿಗೆ
ಓಣಿಯ ಬಲ್ಬು ಆರಿಸಿ ಹೋದ.

ದಾರದ ತುದಿಗೆ ಇಷ್ಟು ವರ್ಷ ಸಡಿಲ ಗಂಟೇ ಹಾಕಿದ್ದೆ,
ಬಿಚ್ಚುವಾಗ ಸಲೀಸಾಗಲಿ ಎಂದು.
ಈ ಸಲವೂ ಸಡಿಲವಾಗಿಯೇ ಹಾಕಿದೆ.
ಶನಿವಾರ ಟಾಸ್ ಆಗಲಿ,
ನೋಡೋಣ.